ಕಾಯಿರಾಶಿಯ ಹಿಂದೆ ಒಂದು ಜಾಗ

ಓಬಮ್ಮನ ತವರು ಕಂದಿಕೆರೆ. ಅಲ್ಲಿನ ಶಾಲೆಯಲ್ಲಿ ಎರಡನೆಯ ತರಗತಿಯವರೆಗೆ ಕಲಿತಳು. ಮೂರನೆಯದಕ್ಕೆ ಹೋಗಬೇಕೆನ್ನುವಾಗ ತಮ್ಮ ಹುಟ್ಟಿದ. ಅವನನ್ನು ಎತ್ತಿಕೊಳ್ಳಲು ಒಬ್ಬರು ಬೇಕಾಯಿತು, ಓದು ಅಲ್ಲಿಗೆ ನಿಂತಿತು. ಇಪ್ಪತ್ತು ತುಂಬಿದಾಗ ಶೆಟ್ಟಿಕೆರೆಯಿಂದ ಎರಡು ಮೈಲಿ ಒಳಗಿನ ಒಂದು ಹಳ್ಳಿಗೆ, ಶ್ರೀರಂಗಯ್ಯನಿಗೆ ಎರಡನೆಯ ಹೆಂಡತಿಯಾಗಿ ಬಂದಳು. ಮೊದಲನೆಯವಳು ತೀರಿಹೋಗಿ ಎರಡು ವರ್ಷವಾಗಿತ್ತು. ಅವಳು ಬಿಟ್ಟುಹೋದ ಮಗಳು ರಂಗಲಕ್ಷ್ಮಿಗೆ ಆಗ ಐದು ವರ್ಷ. ಹೊಸ ಮದುವಣಗಿತ್ತಿ ಒಳಗೆ ಕಾಲಿಟ್ಟ ದಿನವೇ ಆ ಮಗು ಅವಳ ಸೆರಗು ಹಿಡಿದುಕೊಂಡು ಕೇಳಿತು:

"ನೀನು ಇಲ್ಲೇ ಇರ್ತೀಯಾ, ನೀನೂ ಹೋಗ್ಬುಡ್ತೀಯಾ?"

"ಇರ್ತೀನಿ ಕಣವ್ವ," ಎಂದಳು ಓಬಮ್ಮ. ಅಂದಿನಿಂದ ಆ ಹುಡುಗಿ ಅವಳನ್ನು ಚಿಕ್ಕಮ್ಮ ಎಂದು ಕರೆಯುತ್ತ ಬೆನ್ನ ಹಿಂದೆಯೇ ತಿರುಗಿದಳು.

ಅದು ಹನ್ನೊಂದು ಜನರ ಮನೆ. ಮುಂದೆ ಜಗಲಿ, ಒಳಗೆ ನಡುಮನೆ, ಪಕ್ಕಕ್ಕೆ ಅಡುಗೆಮನೆ, ಹಿಂದೆ ದನದ ಕೊಟ್ಟಿಗೆ. ಚಿಲಕ ಇದ್ದದ್ದು ಬೀದಿ ಬಾಗಿಲಿಗೊಂದೇ. ಉಳಿದ ಕಡೆಯಲ್ಲೆಲ್ಲ ಯಾರು ಬೇಕಾದರೂ ಯಾವಾಗ ಬೇಕಾದರೂ ಬರಬಹುದಾಗಿತ್ತು, ಬರುತ್ತಲೂ ಇದ್ದರು. ಮನೆಯ ಆಡಳಿತವೆಲ್ಲ ಅತ್ತೆ ಚಿಕ್ಕಗಂಗಮ್ಮನದು. ಗಟ್ಟಿ ಹೆಂಗಸು, ಮಾತು ಒರಟು, ಕೈ ಧಾರಾಳ.

ಅಡುಗೆಮನೆಯ ಮೇಲೆ ಅಟ್ಟ. ತೋಟದಿಂದ ಬಂದ ತೆಂಗಿನಕಾಯಿಯನ್ನು ಸಿಪ್ಪೆ ಸುಲಿಯದೆ ಹಾಗೆಯೇ ಅಟ್ಟಕ್ಕೆ ಏರಿಸಿ, ಹನ್ನೊಂದು ತಿಂಗಳು ಮುಟ್ಟದೆ ಬಿಡುತ್ತಾರೆ. ಕೆಳಗಿನ ಒಲೆಯ ಹೊಗೆ ತಗುಲಿ, ಒಳಗಿನ ನೀರು ನಿಧಾನವಾಗಿ ಇಂಗಿ, ಕಾಯಿ ತನ್ನಷ್ಟಕ್ಕೆ ತಾನು ಚಿಪ್ಪಿನಿಂದ ಬಿಡಿಸಿಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಒಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಲೊಟಲೊಟ ಎಂದರೆ ಇನ್ನೂ ನೀರಿದೆ ಎಂದು ಅರ್ಥ. ಗಟಗಟ ಎಂದರೆ ಇಳಿಸಬಹುದು. ಅಲ್ಲಿಯವರೆಗೆ ಅಟ್ಟಕ್ಕೆ ಯಾರೂ ಹತ್ತುವುದಿಲ್ಲ, ಹತ್ತುವ ಕೆಲಸವೂ ಇರುವುದಿಲ್ಲ.

ಓಬಮ್ಮ ಬಂದ ಮೂರನೆಯ ವರ್ಷ, ಎಪ್ಪತ್ತಮೂರರಲ್ಲಿ, ಅವಳಿಗೆ ಒಂದು ಗಂಡುಮಗುವಾಯಿತು. ಕಂದಿಕೆರೆಯಿಂದ ಅವಳ ತಾಯಿ ಕೆಂಪು ಬಟ್ಟೆಯ ಕುಲಾವಿ ಹೊಲಿದು ತಂದಿದ್ದಳು. ಅಂಚಿಗೆ ಹಳೆಯ ಸೀರೆಯ ಜರಿ ಇಟ್ಟಿದ್ದಳು. ಐದನೆಯ ತಿಂಗಳಲ್ಲಿ ಮಗುವಿಗೆ ಜ್ವರ ಬಂದಿತು. ಮೂರು ದಿನಕ್ಕೂ ಇಳಿಯಲಿಲ್ಲ. ಗಂಡಹೆಂಡಿರು ಮಗುವನ್ನು ತಿಪಟೂರಿಗೆ ಕರೆದುಕೊಂಡು ಹೋದರು. ಡಾಕ್ಟರು ನೋಡುವ ಮೊದಲೇ ಅವರ ಜಗಲಿಯ ಮೇಲೆಯೇ ಮಗು ಉಸಿರು ಬಿಟ್ಟಿತು.

ಊರಿಗೆ ಹಿಂತಿರುಗಬೇಕು. ಇರುವುದು ಒಂದೇ ಬಸ್ಸು. ಹೆಣವಿರುವುದು ತಿಳಿದರೆ ಹತ್ತಿಸಿಕೊಳ್ಳುವುದಿಲ್ಲ ಎಂದು ಶ್ರೀರಂಗಯ್ಯ ಅಂಜಿದ. "ಅಳಬ್ಯಾಡ ಕಣೇ. ಮನೆ ಸೇರೋಗಂಟ ಅಳಬ್ಯಾಡ," ಎಂದು ಹೆಂಡತಿಯ ಕೈ ಹಿಡಿದುಕೊಂಡು ಬೇಡಿದ. ಓಬಮ್ಮ ಮಗುವಿಗೆ ಕುಲಾವಿ ಕಟ್ಟಿ, ಮಲಗಿರುವಂತೆ ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಪಕ್ಕ ಕುಳಿತಳು. ಮುಂದಿನ ಸೀಟಿನ ಮುದುಕಿಯೊಬ್ಬಳು ತಿರುಗಿ ನೋಡಿ, "ಸೆರಗು ಮರೆ ಮಾಡವ್ವ, ಬಿಸಿಲು ಬಿದ್ರೆ ಎದ್ಬುಡ್ತದೆ," ಎಂದಳು. ಓಬಮ್ಮ ಸೆರಗು ಮರೆ ಮಾಡಿದಳು. ಶೆಟ್ಟಿಕೆರೆ ಬರುವವರೆಗೂ ಆ ಸೆರಗನ್ನು ಹಿಡಿದೇ ಇದ್ದಳು.

ಮನೆಗೆ ಬಂದರೆ ಮುಂದೆ ಚಪ್ಪರದ ಕಂಬ ನೆಟ್ಟಿದ್ದರು. ಮೈದುನ ರಂಗಪ್ಪನ ಮದುವೆಗೆ ಒಂಬತ್ತೇ ದಿನ ಉಳಿದಿತ್ತು. ಹೊತ್ತು ಮುಳುಗುವ ಮೊದಲು ಗಂಡಸರು ಮಗುವನ್ನು ಮಣ್ಣು ಮಾಡಿ ಬಂದರು. ಚಿಕ್ಕಗಂಗಮ್ಮ ಸೊಸೆಯ ತಲೆಗೆ ನೀರು ಹಾಕಿದಳು. ಹಾಕುತ್ತಲೇ, "ಚಪ್ಪರ ನಿಂತೈತೆ ಕಣವ್ವ. ಮನ್ಯಾಗೆ ಕಣ್ಣೀರು ಬೀಳಬಾರ್ದು. ಮದುವೆ ಆಗೋಗ್ಲಿ, ಆಮೇಲೆ ಅತ್ತೀಯಂತೆ," ಎಂದಳು. ಮದುವೆ ಆಯಿತು. ಬೀಗರ ಊಟವಾಯಿತು. ಆಮೇಲೆ ಹೊಸ ಸೊಸೆಯ ಮುಂದೆ ಅಳುವುದು ಸರಿಯಲ್ಲ ಎಂದಾಯಿತು. ಆಮೇಲೆ ರಾಗಿ ಬಿತ್ತನೆ ಬಂತು. ಓಬಮ್ಮ ಅಳುವ ಸರದಿ ಬರಲೇ ಇಲ್ಲ.

ಮಣ್ಣು ಮಾಡುವಾಗ ಕುಲಾವಿ ಮಾತ್ರ ಅವಳ ಸೊಂಟದಲ್ಲಿ ಉಳಿದುಬಿಟ್ಟಿತ್ತು. ಬಸ್ಸು ಇಳಿಯುವಾಗ ಬಿಚ್ಚಿ ಸಿಕ್ಕಿಸಿಕೊಂಡಿದ್ದಳು, ಯಾರೂ ಕೇಳಲಿಲ್ಲ.

ಆ ವರ್ಷ ಹೊಸ ಕಾಯಿ ಅಟ್ಟಕ್ಕೆ ಏರಿಸುವಾಗ ಮೇಲೆ ನಿಂತು ಜೋಡಿಸುವ ಕೆಲಸ ಓಬಮ್ಮನಿಗೆ ಬಂತು. ಕೆಳಗಿನಿಂದ ರಂಗಪ್ಪ ಎಸೆಯುತ್ತಿದ್ದ, ಅವಳು ಹಿಡಿದು ಪೇರಿಸುತ್ತಿದ್ದಳು. ಪೇರಿಸುತ್ತ ಪೇರಿಸುತ್ತ, ಹಿಂದಿನ ಗೋಡೆಗೂ ರಾಶಿಗೂ ನಡುವೆ ಒಬ್ಬರು ಕುಳಿತುಕೊಳ್ಳುವಷ್ಟು ಜಾಗ ಬಿಟ್ಟಳು. ಬೇಕೆಂದೇ ಬಿಟ್ಟಳೋ, ಕೈ ತಾನಾಗಿ ಹಾಗೆ ಮಾಡಿತೋ, ಅವಳಿಗೂ ತಿಳಿಯದು. ಮುಂದಿನಿಂದ ನೋಡಿದರೆ ರಾಶಿ ಗೋಡೆಗೆ ಒತ್ತಿಕೊಂಡಂತೆಯೇ ಕಾಣುತ್ತಿತ್ತು. ಪಕ್ಕದಲ್ಲಿ ಒಂದು ಸಂದು. ಸಣಕಲು ಹೆಂಗಸು ಓರೆಯಾಗಿ ನುಗ್ಗಬಹುದು. ಅಲ್ಲಿ ಒಂದು ಗೋಣಿತಾಟು ಹಾಸಿದಳು. ಮಾಡಿಗೆ ಒಂದು ಗಾಜಿನ ಹೆಂಚು ಇತ್ತು. ಮಧ್ಯಾಹ್ನ ಅದರಿಂದ ಅಂಗೈ ಅಗಲದ ಬೆಳಕು ತಾಟಿನ ಮೇಲೆ ಬೀಳುತ್ತಿತ್ತು.

ಊಟವಾಗಿ ಅತ್ತೆ ಅಡ್ಡಾದಾಗ, "ಇಲಿ ಏನಾದ್ರೂ ಕಡ್ದವಾ ನೋಡ್ಬತ್ತೀನಿ," ಎಂದು ಓಬಮ್ಮ ಏಣಿ ಹತ್ತುತ್ತಿದ್ದಳು. ಕುಲಾವಿಯನ್ನು ಮೊಣಕಾಲಿನ ಮೇಲಿಟ್ಟುಕೊಂಡು, ಸೆರಗನ್ನು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು. ಕೆಳಗೇ ಅಡುಗೆಮನೆಯಾದ್ದರಿಂದ ಸದ್ದು ಮಾಡುವಂತಿರಲಿಲ್ಲ. ಕಣ್ಣು ಕೆಂಪಾಗಿದ್ದರೆ ಹೊಗೆ ಎನ್ನುತ್ತಿದ್ದಳು. ಪ್ರತಿ ವರ್ಷವೂ ಕಾಯಿ ಇಳಿಸುವಾಗ ಕುಲಾವಿ ಮತ್ತೆ ಅವಳ ಸೊಂಟ ಸೇರುತ್ತಿತ್ತು. ಹೊಸ ಕಾಯಿ ಏರಿದಾಗ ಅವಳು ತನ್ನ ಕೋಣೆಯನ್ನು ತಾನೇ ಮತ್ತೆ ಕಟ್ಟಿಕೊಳ್ಳುತ್ತಿದ್ದಳು. ಹೀಗೆ ಏಳು ವರ್ಷ ನಡೆಯಿತು. ಮತ್ತೆ ಮಕ್ಕಳಾಗಲಿಲ್ಲ.

ಎಂಬತ್ತರಲ್ಲಿ ರಂಗಲಕ್ಷ್ಮಿ ಹತ್ತನೆಯ ತರಗತಿಗೆ ಬಂದಳು. ರಂಗಪ್ಪನ ಮೂರು ಮಕ್ಕಳ ಗಲಾಟೆಯಲ್ಲಿ ಓದಲು ಜಾಗ ಸಿಗದೆ, ಒಂದು ಭಾನುವಾರ ಪುಸ್ತಕ ಹಿಡಿದು ಅಟ್ಟ ಹತ್ತಿದಳು. ಸಂದು ಕಂಡಿತು, ನುಗ್ಗಿದಳು. ಓಬಮ್ಮ ಮೇಲೆ ಬಂದಾಗ ಹುಡುಗಿ ಗೋಣಿತಾಟಿನ ಮೇಲೆ ಕುಳಿತು ಕುಲಾವಿಯನ್ನು ಕೈಯಲ್ಲಿ ಹಿಡಿದಿದ್ದಳು. ಅದು ಯಾರದೆಂದು ಅವಳಿಗೆ ಹೇಳಬೇಕಾಗಿರಲಿಲ್ಲ. ತಮ್ಮ ಸತ್ತಾಗ ಅವಳಿಗೆ ಎಂಟು ವರ್ಷ.

"ಯಾರ್ಗೂ ಹೇಳಬ್ಯಾಡ ಕಣವ್ವ," ಎಂದಳು ಓಬಮ್ಮ.

"ಇಲ್ಲ ಚಿಕ್ಕಮ್ಮ."

"ನಿಮ್ಮಜ್ಜಿಗೆ ಗೊತ್ತಾದ್ರೆ ಇದನ್ನ ಮನೇಲಿ ಇಟ್ಕಳಕೆ ಬುಡಕಿಲ್ಲ."

"ಹೇಳಲ್ಲ ಅಂದ್ನಲ್ಲ."

ಅಂದಿನಿಂದ ಆ ಜಾಗ ಇಬ್ಬರದಾಯಿತು. ಹುಡುಗಿ ಓದುತ್ತಿದ್ದಳು, ಓಬಮ್ಮ ಪಕ್ಕದಲ್ಲಿ ಕುಳಿತಿರುತ್ತಿದ್ದಳು. ಅಳು ಬಂದರೆ ಅಳುತ್ತಿದ್ದಳು. ಹುಡುಗಿ ತಲೆ ಎತ್ತದೆ ಪುಟ ತಿರುವುತ್ತಿದ್ದಳು.

ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳುತ್ತಿದ್ದವರು ಕರಿಬಸವಯ್ಯ ಮೇಷ್ಟ್ರು. ದಿನಕ್ಕೊಂದು ಹೊಸ ಪದವನ್ನು ಹಲಗೆಯ ಮೇಲೆ ಬರೆದು, ಅದನ್ನು ಬಳಸಿ ಎರಡು ವಾಕ್ಯ ಬರೆದು ತರಲು ಹೇಳುತ್ತಿದ್ದರು. ವಾಕ್ಯ ನಿಮ್ಮ ಮನೆಯದೇ ಆಗಿರಬೇಕು. ಗೈಡಿನಿಂದ ಎತ್ತಿ ತಂದರೆ ಸೊನ್ನೆ ಎಂಬುದು ಅವರ ಕಟ್ಟಳೆ. ಒಂದು ಮಧ್ಯಾಹ್ನ ರಂಗಲಕ್ಷ್ಮಿ ನೋಟುಬುಕ್ಕಿನಿಂದ ತಲೆ ಎತ್ತಿ ನಕ್ಕಳು.

"ಚಿಕ್ಕಮ್ಮ, ಇವತ್ತಿನ ಪದ ನಮ್ಮ ಈ ಜಾಗಕ್ಕೇ ಹೇಳಿ ಮಾಡ್ಸಿದಂಗೈತೆ. ಸೆಕ್ಲೂಡೆಡ್."

"ಹಂಗಂದ್ರೆ?"

"ಗುಣವಾಚಕ. ಜಾಗ ಹೆಂಗೈತೆ ಅಂತ ಹೇಳೋದು. ಯಾರ ಕಣ್ಣಿಗೂ ಬೀಳ್ದಂಗೆ, ಸದ್ದುಗದ್ದಲ ಇಲ್ದಂಗೆ, ಒಬ್ರೇ ಇರಬೌದು, ಅಂಥಾ ಜಾಗ."

"ಅಷ್ಟಕ್ಕೂ ಸೇರಿ ಒಂದೇ ಮಾತಾ? ನಮ್ಮಲ್ಲಿ ಏನಂತಾರೆ?"

"ಏಕಾಂತ ಅಂತ ಬರ್ಸಿದ್ರು ಮೇಷ್ಟ್ರು."

"ಅದು ದೇವಸ್ಥಾನದಾಗೆ ಅಯ್ನೋರು ಅನ್ನೋ ಮಾತು ಬುಡು. ನಮ್ಮನೇಲಿ ಯಾರಂದವ್ರೆ."

ಓಬಮ್ಮ ಆ ಪದವನ್ನು ಮೂರು ಸಲ ಹೇಳಿಸಿಕೊಂಡಳು, ತಾನೂ ಹೇಳಿದಳು. ಎಲ್ಲೋ ದೂರದ ದೇಶದಲ್ಲಿ ಯಾರೋ ಹೆಂಗಸರು ಹೀಗೆಯೇ ಹೋಗಿ ಕುಳಿತುಕೊಳ್ಳುತ್ತಿರಬೇಕು. ಇಲ್ಲದಿದ್ದರೆ ಮಾತು ಯಾಕೆ ಹುಟ್ಟುತ್ತಿತ್ತು ಎಂದು ಅವಳಿಗೆ ಅನ್ನಿಸಿತು. ತಾನೊಬ್ಬಳೇ ಮಾಡುತ್ತಿರುವ ಕಳ್ಳತನ ಇದು ಎಂದು ಇಷ್ಟು ವರ್ಷ ತಿಳಿದಿದ್ದಳು.

"ಅವ್ರಲ್ಲೂ ತೆಂಗು ಬೆಳೀತಾರಾ?"

"ಇಲ್ಲ ಚಿಕ್ಕಮ್ಮ. ಅಲ್ಲಿ ಚಳಿ."

"ಮತ್ಯಾವ್ದರ ಹಿಂದೆ ಕೂತ್ಕತ್ತಾರೋ, ಪಾಪ," ಎಂದಳು ಓಬಮ್ಮ.

ಹುಡುಗಿ ಬಾಯಿ ಮುಚ್ಚಿಕೊಂಡು ನಕ್ಕಳು. ಓಬಮ್ಮನಿಗೂ ನಗು ಬಂತು. ಆ ಜಾಗದಲ್ಲಿ ಅವಳು ನಕ್ಕದ್ದು ಅದೇ ಮೊದಲು. ಅಂದಿನಿಂದ ಕೆಲಸದ ನಡುವೆ ಅವಳು ಹುಡುಗಿಯ ಪಕ್ಕದಲ್ಲಿ ಹಾಯುತ್ತ ಮೆಲ್ಲಗೆ, "ಸೆಕ್ಲೂಡೆಡ್‌ಗೆ ಹೋಗಿರ್ತೀನಿ," ಎನ್ನುತ್ತಿದ್ದಳು. ಹೊಸ್ತಿಲಲ್ಲಿ ಕುಳಿತ ಚಿಕ್ಕಗಂಗಮ್ಮನಿಗೆ ಅದು ಪಾಠವೆಂದೇ ಕೇಳಿಸುತ್ತಿತ್ತು.

ಮರುದಿನ ರಂಗಲಕ್ಷ್ಮಿ ಬರೆದುಕೊಂಡು ಹೋದ ವಾಕ್ಯ ಯಾವುದೆಂದು ಓಬಮ್ಮ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಕರಿಬಸವಯ್ಯ ಮೇಷ್ಟ್ರು ಸೈಕಲ್ಲಿನಲ್ಲಿ ಮನೆಗೆ ಬಂದರು. ರಂಗಲಕ್ಷ್ಮಿಯನ್ನು ತಿಪಟೂರಿನ ಕಾಲೇಜಿಗೆ ಕಳುಹಿಸಬೇಕೆಂದು ಕೇಳುವುದಕ್ಕೆ ಬಂದಿದ್ದರು. ಒಳ್ಳೆಯ ಮನುಷ್ಯ, ಹೀಗೆ ಮನೆಮನೆ ಅಲೆದು ಎಷ್ಟೋ ಮಕ್ಕಳನ್ನು ಮುಂದಕ್ಕೆ ಓದಿಸಿದ್ದರು. ಶ್ರೀರಂಗಯ್ಯ ಎಳನೀರು ಕೆತ್ತಿಕೊಟ್ಟ. ಚಿಕ್ಕಗಂಗಮ್ಮ ಜಗಲಿಯ ಕಂಬಕ್ಕೆ ಒರಗಿ ಕುಳಿತಳು.

"ಹೆಣ್ಣುಡ್ಗಿ ಇಂಗ್ಲಿಷ್ ಕಲ್ತು ಏನು ಮಾಡ್ಬೇಕು ಮೇಷ್ಟ್ರೇ? ಕೊಬ್ರಿ ಒಡೆಯೋಕೆ ಇಂಗ್ಲಿಷ್ ಬೇಕಾ?"

"ಬೇಡಮ್ಮ. ಆದರೆ ನಿಮ್ಮ ಮೊಮ್ಮಗಳಿಗೆ ಅದು ಬಂದುಬಿಟ್ಟಿದೆಯಲ್ಲ, ಈಗ ಬಂದದ್ದನ್ನು ಏನು ಮಾಡೋಣ?" ಎಂದು ಮೇಷ್ಟ್ರು ನಕ್ಕರು. "ಇಪ್ಪತ್ತಾರು ವರ್ಷದಿಂದ ಪಾಠ ಹೇಳುತ್ತಿದ್ದೇನೆ. ಇಂಥ ವಾಕ್ಯ ಒಬ್ಬರೂ ಬರೆದು ಕೊಟ್ಟಿರಲಿಲ್ಲ. ಕೇಳಿ."

ಅವರು ಜೇಬಿನಿಂದ ಒಂದು ಹಾಳೆ ತೆಗೆದು ಇಂಗ್ಲಿಷಿನಲ್ಲಿ ಓದಿದರು. ಆಮೇಲೆ ಎಲ್ಲರಿಗೂ ತಿಳಿಯಲೆಂದು ಬಿಡಿಸಿ ಹೇಳಿದರು: "ನಮ್ಮ ಅಟ್ಟದ ಮೇಲೆ, ಕಾಯಿರಾಶಿಯ ಹಿಂದೆ, ಯಾರಿಗೂ ಕಾಣದ ಒಂದು ಏಕಾಂತದ ಜಾಗವಿದೆ. ನಮ್ಮ ಚಿಕ್ಕಮ್ಮ ದಿನವೂ ಅಲ್ಲಿ ಹೋಗಿ ಕೂರುತ್ತಾರೆ."

ಓಬಮ್ಮ ಮಜ್ಜಿಗೆಯ ಲೋಟ ಹಿಡಿದು ಬಾಗಿಲ ಹಿಂದೆ ನಿಂತಿದ್ದಳು. ಪಕ್ಕದಲ್ಲಿದ್ದ ರಂಗಲಕ್ಷ್ಮಿ ಅವಳ ಮುಖ ನೋಡಲಿಲ್ಲ.

"ನಮ್ಮಟ್ಟನೂ ಇಂಗ್ಲಿಷಿಗೆ ಹೋಯ್ತಲ್ಲಪ್ಪ," ಎಂದು ಶ್ರೀರಂಗಯ್ಯ ಹಿಗ್ಗಿನಿಂದ ನಕ್ಕ.

ಚಿಕ್ಕಗಂಗಮ್ಮ ನಗಲಿಲ್ಲ. "ಯಾರು ಕೂತ್ಕತ್ತಾಳೆ ಅಂದ್ರಿ?"

"ಅವರ ಚಿಕ್ಕಮ್ಮ," ಎಂದರು ಮೇಷ್ಟ್ರು, ಇನ್ನೂ ಸಂತೋಷದಲ್ಲೇ. "ಎಷ್ಟು ಚೆನ್ನಾಗಿದೆ ನೋಡಿ."

ಮೇಷ್ಟ್ರು ಹೋದ ಮೇಲೆ ಚಿಕ್ಕಗಂಗಮ್ಮ ಏಣಿ ತರಿಸಿದಳು. ಮಂಡಿನೋವಿನಿಂದ ಅವಳು ಅಟ್ಟ ಹತ್ತಿ ನಾಲ್ಕು ವರ್ಷವಾಗಿತ್ತು. ಒಂದೊಂದು ಮೆಟ್ಟಿಲಿಗೂ ನಿಂತು ಹತ್ತಿದಳು. ಮೇಲೆ ಬಹಳ ಹೊತ್ತು ಏನೂ ಸದ್ದಾಗಲಿಲ್ಲ. ಕೆಳಗೆ ಓಬಮ್ಮ ಒಲೆಯ ಮುಂದೆ ಕುಳಿತು ಬೆಂಕಿಯನ್ನು ನೋಡುತ್ತಿದ್ದಳು. ಇಳಿದು ಬಂದ ಅತ್ತೆ ರಂಗಪ್ಪನನ್ನು ಕರೆದು, "ನಾಳೆ ಕಾಯಿ ಇಳಿಸು ಕಣ್ಲಾ," ಎಂದಳು.

"ಇನ್ನೂ ಎಂಟು ತಿಂಗಳೂ ಆಗಿಲ್ಲ ಕಣವ್ವ. ಅಲ್ಲಾಡಿಸಿದ್ರೆ ಲೊಟಲೊಟ ಅಂತಾವೆ. ನೀರೇ ಇಂಗಿಲ್ಲ."

"ಕಾಯಂಗೇ ಮಾರೋಗ್ಲಿ. ಇಳಿಸು ಅಂದ್ರೆ ಇಳಿಸು."

ಸಂಜೆ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದ ಓಬಮ್ಮನ ಬಳಿಗೆ ಅತ್ತೆಯೇ ಬಂದಳು. ಸೆರಗಿನ ಗಂಟು ಬಿಚ್ಚಿ ಕುಲಾವಿಯನ್ನು ತೋರಿಸಿದಳು.

"ಏಳು ವರ್ಷದಿಂದ ಇದನ್ನ ಹಿಡ್ಕಂಡು ಕೂತಿದ್ದೀಯಲ್ಲೇ. ಹಿಂಗೆ ಕಟ್ಟಾಕ್ಕಂಡ್ರೆ ಅದು ಹೋಗೋದ್ಯಾವಾಗ, ಇನ್ನೊಂದು ಬರೋದ್ಯಾವಾಗ? ಬೆಳಿಗ್ಗೆ ಕೆರೆಗೆ ಬುಟ್ಟು ಬರನ. ನಿನ್ ಒಳ್ಳೇದ್ಕೇ ಹೇಳ್ತಿರೋದು."

ಓಬಮ್ಮ ಹಾಲು ಕರೆಯುವುದನ್ನು ನಿಲ್ಲಿಸಲಿಲ್ಲ.

"ನಾನೂ ಮೂರು ಕಳ್ಕಂಡಿವ್ನಿ ಕಣೇ," ಎಂದಳು ಚಿಕ್ಕಗಂಗಮ್ಮ.

"ನೀವು ಎಲ್ಲಿ ಅತ್ರಿ, ಅತ್ತೆ?"

ಮುದುಕಿ ಹಸುವಿನ ಬೆನ್ನ ಮೇಲೆ ಕೈಯಾಡಿಸಿದಳು. "ಅಳೋಕೆ ಪುರುಸೊತ್ತು ಎಲ್ಲಿತ್ತು," ಎಂದು ಒಳಗೆ ಹೋದಳು.

ಬೆಳಿಗ್ಗೆ ಇಬ್ಬರೂ ಕೆರೆಗೆ ಹೋದರು. ಚಿಕ್ಕಗಂಗಮ್ಮ ಕುಲಾವಿಗೆ ಅರಿಶಿನ ಕುಂಕುಮ ಇಟ್ಟು, ಸೊಸೆಯ ಕೈಯಿಂದಲೇ ನೀರಿಗೆ ಬಿಡಿಸಿದಳು. ಅದು ತಕ್ಷಣ ಮುಳುಗಲಿಲ್ಲ. ಜೊಂಡಿನ ತನಕ ತೇಲಿ, ನೆನೆದು ಕಪ್ಪಾಗಿ, ಆಮೇಲೆ ಕಾಣದಾಯಿತು. ಮನೆಗೆ ಬಂದಾಗ ಅಂಗಳದ ತುಂಬ ಕಾಯಿ. ಅಟ್ಟದಲ್ಲಿ ಗೋಡೆ, ಗಾಜಿನ ಹೆಂಚಿನ ಬೆಳಕು, ಮಡಿಸಿದ ಒಂದು ಗೋಣಿತಾಟು.

ರಂಗಲಕ್ಷ್ಮಿ ಎರಡು ದಿನ ಉಣ್ಣಲಿಲ್ಲ. ಮೂರನೆಯ ದಿನ ಬಾವಿಯ ಹತ್ತಿರ ಓಬಮ್ಮನ ಮೊಣಕೈ ಹಿಡಿದುಕೊಂಡಳು.

"ಇಂಗ್ಲಿಷ್ನಾಗೆ ಬರ್ದ್ರೆ ಹೇಳ್ದಂಗಲ್ಲ ಅಂದ್ಕಂಡೆ ಚಿಕ್ಕಮ್ಮ. ನಮ್ಮನೇಲಿ ಯಾರಿಗೂ ಬರಕಿಲ್ಲವಲ್ಲ ಅಂತ. ಬಚ್ಚಿಟ್ಟಂಗೇ ಅಂದ್ಕಂಡೆ."

"ಉಣ್ಣೋಗು," ಎಂದಳು ಓಬಮ್ಮ. "ಪರೀಕ್ಷೆ ಹತ್ರ ಬಂತು."

ಹುಡುಗಿ ಮೊದಲನೆಯ ದರ್ಜೆಯಲ್ಲಿ ತೇರ್ಗಡೆಯಾದಳು. ಇಂಗ್ಲಿಷಿನಲ್ಲಿ ಬರೆಯುವ ಮಗಳು ಎಂದು ಶ್ರೀರಂಗಯ್ಯ ಕಂಡವರಿಗೆಲ್ಲ ಆ ಅಟ್ಟದ ವಾಕ್ಯವನ್ನು ಹೇಳಿಕೊಂಡು ತಿರುಗಿದ. ಅದೇ ಹಿಗ್ಗಿನಲ್ಲಿ ಅವಳನ್ನು ತಿಪಟೂರಿನ ಕಾಲೇಜಿಗೆ ಸೇರಿಸಿ ಹಾಸ್ಟೆಲಿನಲ್ಲಿ ಬಿಟ್ಟು ಬಂದ. ಮಳೆಗಾಲದ ಹೊಸ ಕಾಯಿಯನ್ನು ರಂಗಪ್ಪನೇ ಜೋಡಿಸಿದ, ಗೋಡೆಗೆ ಒತ್ತಿ. ಓಬಮ್ಮನಿಗೆ ಆಮೇಲೆ ಅಳು ಬರಲಿಲ್ಲ. ಕಣ್ಣು ಉರಿಯುತ್ತಿತ್ತು, ಅದು ನಿಜವಾಗಿಯೂ ಹೊಗೆಗೇ ಉರಿಯುತ್ತಿತ್ತು.

ದೀಪಾವಳಿಗೆ ಮುಂಚೆ ಅವಳು ಚಕ್ಕುಲಿ ಕಟ್ಟಿಕೊಂಡು ಹುಡುಗಿಯನ್ನು ನೋಡಲು ಹೋದಳು. ಮಗು ತೀರಿದ ಮೇಲೆ ತಿಪಟೂರಿಗೆ ಹೋದದ್ದು ಅದೇ ಮೊದಲು. ರಂಗಲಕ್ಷ್ಮಿ ತನ್ನ ಕೋಣೆ ತೋರಿಸಿದಳು. ಜೊತೆಯವಳು ಊರಿಗೆ ಹೋಗಿದ್ದಳು.

"ನಂಗೆ ನಾಕ್ ಗಂಟೆವರೆಗೂ ಕ್ಲಾಸೈತೆ ಚಿಕ್ಕಮ್ಮ. ಯಾರೂ ಬರಕಿಲ್ಲ. ಇಲ್ನೋಡು, ಒಳಗಿಂದ ಚಿಲಕ ಐತೆ." ಹುಡುಗಿ ಚಿಲಕವನ್ನು ಎರಡು ಸಲ ಹಾಕಿ ತೆಗೆದು ತೋರಿಸಿದಳು. ಮಾಡಿದ ತಪ್ಪನ್ನು ಆ ಚಿಲಕದಿಂದ ತೀರಿಸಬೇಕೆಂದು ಎಷ್ಟು ದಿನದಿಂದ ಯೋಚಿಸಿದ್ದಳೋ.

ಓಬಮ್ಮ ಚಿಲಕ ಹಾಕಿ ಮಂಚದ ಮೇಲೆ ಕುಳಿತಳು. ಗೋಡೆಗೆ ಸುಣ್ಣ ಹೊಡೆದಿತ್ತು. ಕುಲಾವಿ ಇಲ್ಲದ ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಬಹಳ ಹೊತ್ತು ಕಾದಳು. ಏನೂ ಬರಲಿಲ್ಲ. ಕೊನೆಗೆ ಎದ್ದು ಕಸ ಗುಡಿಸಿದಳು, ಹುಡುಗಿಯ ಬಟ್ಟೆ ಮಡಿಸಿಟ್ಟಳು. ನಾಲ್ಕಕ್ಕೆ ಬಂದ ರಂಗಲಕ್ಷ್ಮಿ ಕೋಣೆಯನ್ನೂ ಅವಳ ಕಣ್ಣನ್ನೂ ನೋಡಿದಳು.

"ಕೂತಿದ್ದೆ ಕಣವ್ವ. ಬರ್ಲಿಲ್ಲ," ಎಂದಳು ಓಬಮ್ಮ.

ಊರಿನ ಬಸ್ಸು ತುಂಬಿತ್ತು. ಓಬಮ್ಮನಿಗೆ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಬಸ್ಸು ಹೊರಡುವ ಹೊತ್ತಿಗೆ ಕಂಕುಳಲ್ಲಿ ಕೂಸು, ಕೈಯಲ್ಲಿ ಗಂಟು ಹಿಡಿದ ಒಬ್ಬ ಹೆಂಗಸು ಹತ್ತಿದಳು. ನಿಲ್ಲಲೂ ಜಾಗವಿರಲಿಲ್ಲ. ನಮ್ಮ ಕಡೆಯ ಬಸ್ಸುಗಳಲ್ಲಿ ಎಲ್ಲರೂ ಮಾಡುವಂತೆ ಅವಳು ಕೇಳದೆಯೇ, "ವಸಿ ಹಿಡ್ಕಳಕ್ಕ," ಎಂದು ಕೂಸನ್ನು ಓಬಮ್ಮನ ತೊಡೆಯ ಮೇಲಿಟ್ಟು ಮೇಲಿನ ಸರಳು ಹಿಡಿದುಕೊಂಡಳು. ಕೂಸಿಗೆ ಗಾಢ ನಿದ್ದೆ. ಬೆಚ್ಚಗಿತ್ತು. ಇಳಿಬಿಸಿಲು ಅದರ ಮುಖಕ್ಕೆ ಬಿತ್ತು. ಓಬಮ್ಮ ಸೆರಗು ಮರೆ ಮಾಡಿದಳು.

ಆಗ ಅಳು ಬಂತು. ಬಾಯಿಗೆ ತುರುಕಿಕೊಳ್ಳಲು ಸೆರಗು ಬಿಡುವಿರಲಿಲ್ಲ. ಅದು ಕೂಸಿನ ಮೇಲಿತ್ತು. ದನಿ ತೆಗೆದು ಅತ್ತಳು. ಬಸ್ಸಿನವರೆಲ್ಲ ತಿರುಗಿ ನೋಡಿದರು.

ಕಂಡಕ್ಟರು ಜನರನ್ನು ಸರಿಸಿಕೊಂಡು ಬಂದ. "ಯಾಕವ್ವ? ದುಡ್ಡು ಗಿಡ್ಡು ಹೊಡೆದ್ರಾ?"

"ಇಲ್ಲ ಕಣಪ್ಪ. ನನ್ ಮಗ ತೀರ್ಕಂಡ."

ನಿಂತಿದ್ದ ತಾಯಿ ಬೆಚ್ಚಿ ತನ್ನ ಕೂಸಿನ ಎದೆಯ ಮೇಲೆ ಕೈಯಿಟ್ಟು ನೋಡಿದಳು. ಅದು ಉಸಿರಾಡುತ್ತಿತ್ತು.

"ಯಾವಾಗವ್ವ?" ಎಂದ ಕಂಡಕ್ಟರು.

"ಎಂಟು ವರ್ಷ ಆಯ್ತು."

ಯಾರೂ ನಗಲಿಲ್ಲ. ಕಂಡಕ್ಟರು ಚೀಟಿಯ ಕಟ್ಟನ್ನು ಕೈಯಲ್ಲಿ ತಿರುಗಿಸಿ, "ಅಳಲಿ ಬುಡ್ರಿ, ಗಾಳಿ ಬರೋಂಗೆ ಈಚೆ ಸರೀರಿ," ಎಂದು ಮುಂದಕ್ಕೆ ಹೋದ. ತಾಯಿ ಕೂಸನ್ನು ಎತ್ತಿಕೊಳ್ಳಲೆಂದು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಮತ್ತೆ ಸರಳು ಹಿಡಿದಳು. ಶೆಟ್ಟಿಕೆರೆ ಬರುವವರೆಗೂ ಓಬಮ್ಮ ಅಷ್ಟು ಜನರ ನಡುವೆ ಅಳುತ್ತಲೇ ಇದ್ದಳು, ಕೂಸಿನ ಮುಖಕ್ಕೆ ಬಿಸಿಲು ಬೀಳದಂತೆ ಸೆರಗು ಹಿಡಿದುಕೊಂಡು.